ಲಿಂಕ್-ಸ್ಟೇಟ್ ಜಾಲಗಳಲ್ಲಿ ಮಾರ್ಗ ಪ್ರಕಟಣೆಗಳ ಸೋಸುವಿಕೆ

ಕಂಪ್ಯೂಟರ್ ಜಾಲದಲ್ಲಿ ಒಂದು ರೂಟರ್ ‘ಇಂಥ ವಿಳಾಸಗಳು ನನ್ನ ಕಡೆ ಇವೆ’ ಎಂದು ಉಳಿದ ರೂಟರ್‌ಗಳಿಗೆ ತಿಳಿಸುವುದೇ ಮಾರ್ಗ ಪ್ರಕಟಣೆ. ಅಂಥ ಪ್ರಕಟಣೆಗಳಲ್ಲಿ ಕೆಲವನ್ನು ಬೇಕೆಂದೇ ತಡೆಹಿಡಿಯುವುದು ಸೋಸುವಿಕೆ. ಜಾಲ ನೋಡಿಕೊಳ್ಳುವವರ ಮಾತಿನಲ್ಲಿ ‘ಫಿಲ್ಟರ್ ಹಾಕುವುದು’. ಇಂಟರ್ನೆಟ್ ಸೇವಾ ಸಂಸ್ಥೆಗಳು ಪರಸ್ಪರ ಮಾರ್ಗ ವಿನಿಮಯ ಮಾಡಿಕೊಳ್ಳುವ ಬಿಜಿಪಿಯಲ್ಲಿ ಫಿಲ್ಟರ್ ಇಲ್ಲದೆ ಒಂದು ದಿನವೂ ನಡೆಯುವುದಿಲ್ಲ. ಆ ರೂಢಿಯನ್ನೇ ಹಿಡಿದು ಒಎಸ್‌ಪಿಎಫ್, ಐಎಸ್-ಐಎಸ್ ಮುಂತಾದ ಲಿಂಕ್-ಸ್ಟೇಟ್ ಪ್ರೋಟೊಕಾಲ್‌ಗಳಿಗೆ ಬಂದವರಿಗೆ ಇಲ್ಲೂ ಅಂಥವೇ ಹೆಸರಿನ ಆದೇಶಗಳು ಸಿಗುತ್ತವೆ, ಆದರೆ ಅವು ಮಾಡುವ ಕೆಲಸ ಬೇರೆ. ಒಂದು ಏರಿಯಾದ, ಅಂದರೆ ಒಂದೇ ನಕ್ಷೆ ಹಂಚಿಕೊಂಡ ರೂಟರುಗಳ ಗುಂಪಿನ, ಒಳಗೆ ಹಾಕಿದ ಫಿಲ್ಟರ್ ಬೇರೆ ಯಾರಿಂದಲೂ ಏನನ್ನೂ ಮುಚ್ಚಿಡುವುದಿಲ್ಲ, ಹಾಕಿಕೊಂಡ ರೂಟರನ್ನು ಮಾತ್ರ ಕುರುಡಾಗಿಸುತ್ತದೆ. ಒಬ್ಬರ ನಕ್ಷೆ ಮುಗಿದು ಇನ್ನೊಬ್ಬರ ನಕ್ಷೆ ಶುರುವಾಗುವ ಗಡಿಯಲ್ಲಿ, ಇಲ್ಲವೇ ಪ್ರಕಟಣೆ ಹುಟ್ಟುವ ಜಾಗದಲ್ಲಿ ಮಾತ್ರ ಫಿಲ್ಟರ್‌ಗೆ ಅರ್ಥವಿದೆ. ಈ ಮಿತಿಯನ್ನು ತಯಾರಕರ ಲೋಪವೆಂದೋ ಹಳೆಯ ಕಾಲದ ಕೊರತೆಯೆಂದೋ ಬಗೆಯುವವರಿದ್ದಾರೆ. ಅದು ಈ ಪ್ರೋಟೊಕಾಲ್‌ಗಳ ಸ್ವಭಾವದಿಂದಲೇ ಬಂದದ್ದು ಎಂಬುದಕ್ಕೆ ಸಾಕ್ಷ್ಯ ಧಾರಾಳವಾಗಿದೆ.

1969ರಲ್ಲಿ ಆರಂಭವಾದ ಆರ್ಪಾನೆಟ್ ಮೊದಲು ಬಳಸಿದ್ದು ಡಿಸ್ಟೆನ್ಸ್-ವೆಕ್ಟರ್ ವಿಧಾನ. ಅದರಲ್ಲಿ ಪ್ರತಿ ರೂಟರ್ ತನ್ನ ಮಾರ್ಗ ಪಟ್ಟಿಯನ್ನೇ ಪಕ್ಕದವರಿಗೆ ಹೇಳುತ್ತದೆ. ಪಕ್ಕದವರು ಕೇಳಿದ್ದಕ್ಕೆ ತಮ್ಮ ದೂರವನ್ನು ಕೂಡಿಸಿ ಮುಂದಿನವರಿಗೆ ಹೇಳುತ್ತಾರೆ. ಇಂಟರ್ನೆಟ್‌ನ ತಾಂತ್ರಿಕ ದಾಖಲೆಗಳ ಸರಣಿಯಾದ ಆರ್‌ಎಫ್‌ಸಿಯಲ್ಲಿ 1988ರಲ್ಲಿ 1058ನೆಯದಾಗಿ ದಾಖಲಾದ ರಿಪ್ ಪ್ರೋಟೊಕಾಲ್ ಇದೇ ಜಾತಿಯದು. ಅಪರಿಚಿತ ಊರಿನಲ್ಲಿ ಸಿಕ್ಕಸಿಕ್ಕವರನ್ನು ಕೇಳಿಕೊಂಡು ಹೋಗುವವನಿಗೂ ಊರಿನ ನಕ್ಷೆ ಕೈಯಲ್ಲಿ ಹಿಡಿದು ಹೋಗುವವನಿಗೂ ಇರುವ ವ್ಯತ್ಯಾಸವೇ ಈ ಎರಡು ವಿಧಾನಗಳ ನಡುವಿನದು. ಕೇಳಿಕೊಂಡು ಹೋಗುವವನಿಗೆ ಒಬ್ಬರು ಒಂದು ಬೀದಿಯ ಹೆಸರನ್ನೇ ಎತ್ತದಿದ್ದರೆ ಆ ಬೀದಿ ಅವನ ಪಾಲಿಗೆ ಇಲ್ಲ, ಅವನಿಂದ ಕೇಳಿದವರ ಪಾಲಿಗೂ ಇಲ್ಲ. ಆದ್ದರಿಂದ ಡಿಸ್ಟೆನ್ಸ್-ವೆಕ್ಟರ್‌ನಲ್ಲಿ ಎಲ್ಲಿ ಫಿಲ್ಟರ್ ಹಾಕಿದರೂ ಅದರ ಪರಿಣಾಮ ಅಲ್ಲಿಂದಾಚೆಗೆ ತಾನಾಗಿ ಹರಡುತ್ತದೆ. 1979ರಲ್ಲಿ ಬಿಬಿಎನ್ ಸಂಸ್ಥೆಯ ಜಾನ್ ಮೆಕ್‌ಕ್ವಿಲನ್, ಐರಾ ರಿಚರ್, ಎರಿಕ್ ರೋಸೆನ್ ಆರ್ಪಾನೆಟ್‌ಗೆ ಹೊಸ ವಿಧಾನ ತಂದರು. ಇಲ್ಲಿ ರೂಟರ್ ಹೇಳುವುದು ತನ್ನ ಪಟ್ಟಿಯನ್ನಲ್ಲ, ತನಗೆ ತಗುಲಿಕೊಂಡ ಲಿಂಕ್‌ಗಳ ಸ್ಥಿತಿಯನ್ನಷ್ಟೇ. ಆ ಮಾತು ಒಬ್ಬರಿಂದೊಬ್ಬರಿಗೆ ಪ್ರವಾಹದಂತೆ ಹರಿದು ಎಲ್ಲರನ್ನೂ ತಲುಪುತ್ತದೆ; ಎಲ್ಲರ ಬಳಿಯೂ ಇಡೀ ಜಾಲದ ನಕ್ಷೆ ತಯಾರಾಗುತ್ತದೆ; ಅದರ ಮೇಲೆ ಪ್ರತಿಯೊಬ್ಬರೂ ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದ ಲೆಕ್ಕ ನಡೆಸಿ ತಮ್ಮ ದಾರಿ ತಾವೇ ಆರಿಸಿಕೊಳ್ಳುತ್ತಾರೆ.

ಈ ವ್ಯವಸ್ಥೆ ನಿಂತಿರುವುದು ಒಂದೇ ಷರತ್ತಿನ ಮೇಲೆ: ಎಲ್ಲರ ನಕ್ಷೆಯೂ ಒಂದೇ ಆಗಿರಬೇಕು. ಜಾನ್ ಮೊಯ್ ಬರೆದು 1998ರ ಏಪ್ರಿಲ್‌ನಲ್ಲಿ ಹೊರಬಂದ ಆರ್‌ಎಫ್‌ಸಿ 2328, ಅಂದರೆ ಇಂದಿಗೂ ಬಳಕೆಯಲ್ಲಿರುವ ಒಎಸ್‌ಪಿಎಫ್ ಎರಡನೆಯ ಆವೃತ್ತಿಯ ಗ್ರಂಥ, ಈ ಷರತ್ತನ್ನು ಕಾಯಲೆಂದೇ ಪುಟಗಟ್ಟಲೆ ನಿಯಮಗಳನ್ನು ಇಟ್ಟಿದೆ. ಎಲ್‌ಎಸ್‌ಎ ಎಂದು ಕರೆಯುವ ಪ್ರತಿ ಪ್ರಕಟಣೆಗೂ ಒಬ್ಬ ಒಡೆಯನಿರುತ್ತಾನೆ. ಅದನ್ನು ಹುಟ್ಟಿಸಿದ ರೂಟರ್ ಮಾತ್ರ ಅದನ್ನು ಬದಲಿಸಬಹುದು, ಅವಧಿಗೆ ಮುಂಚೆ ಹಿಂದೆಗೆಯಬಹುದು. ವಯಸ್ಸಿನ ಅಂಕಣವೊಂದನ್ನು ಬಿಟ್ಟು ನಡುವಿನವರು ಒಂದು ಬಿಟ್ಟನ್ನೂ ತಿದ್ದುವಂತಿಲ್ಲ, ಇದ್ದಂತೆಯೇ ದಾಟಿಸಬೇಕು. ದಾಟಿಸಿದ್ದು ತಲುಪಿತೆಂಬ ಸ್ವೀಕೃತಿ ಬರುವವರೆಗೆ ಮತ್ತೆ ಮತ್ತೆ ಕಳಿಸಬೇಕು. ಒಡೆಯ ಪ್ರತಿ 1,800 ಸೆಕೆಂಡಿಗೊಮ್ಮೆ ಅದನ್ನು ಹೊಸದಾಗಿಸುತ್ತಾನೆ. 3,600 ಸೆಕೆಂಡು ಕಳೆದರೂ ಹೊಸ ಪ್ರತಿ ಬಾರದಿದ್ದರೆ ಹಳೆಯದು ಸಾಯುತ್ತದೆ. ನಕ್ಷೆಗಳು ಒಂದೇ ಆಗಿವೆಯೇ ಎಂದು ನೋಡಲು ಸುಲಭದ ಒಂದು ಅಂಕಿಯೂ ಇದೆ: ಏರಿಯಾದ ಎಲ್ಲ ಎಲ್‌ಎಸ್‌ಎಗಳ ಚೆಕ್‌ಸಮ್‌ಗಳ ಮೊತ್ತ. ವಯಸ್ಸಿನ ಅಂಕಣ ಪ್ರತಿ ರೂಟರಿನಲ್ಲೂ ತುಸು ಬೇರೆಯಾಗುವುದರಿಂದ ಅದನ್ನು ಚೆಕ್‌ಸಮ್‌ನ ಹೊರಗಿಟ್ಟಿದ್ದಾರೆ. ಹೀಗಾಗಿ ಒಂದೇ ಏರಿಯಾದ ಯಾವ ಎರಡು ರೂಟರುಗಳಲ್ಲಿ ನೋಡಿದರೂ ಈ ಮೊತ್ತ ಒಂದೇ ಬರಬೇಕು. ಬರದಿದ್ದರೆ ಎಲ್ಲೋ ಕೆಟ್ಟಿದೆ ಎಂದರ್ಥ. ಆರೋಗ್ಯದ ಅಳತೆಗೋಲೇ ಸಮಾನತೆ ಆಗಿರುವ ವ್ಯವಸ್ಥೆಯಲ್ಲಿ ‘ಇವನಿಗೆ ಇಷ್ಟು ಗೊತ್ತಿರಲಿ, ಅವನಿಗೆ ಅಷ್ಟು’ ಎಂಬ ಬಯಕೆಗೆ ಎಡೆ ಎಲ್ಲಿದೆ?

ಎಡೆ ಇಲ್ಲದ ಕಡೆ ಫಿಲ್ಟರ್ ಹಾಕಿದರೆ ಆಗುವುದನ್ನು ಒಂದು ಪುಟ್ಟ ಜಾಲದಲ್ಲಿ ನೋಡಬಹುದು. ಕ, ಖ, ಗ, ಘ ಎಂಬ ನಾಲ್ಕು ರೂಟರುಗಳು ಒಂದೇ ಏರಿಯಾದಲ್ಲಿ ಒಂದರ ಹಿಂದೊಂದು ಸಾಲಾಗಿವೆ. 10.20.5.0/24 ಎಂಬ ಸಬ್‌ನೆಟ್ ಘ ರೂಟರಿನ ಹಿಂದಿದೆ. ಇಂಟರ್ನೆಟ್ ಸಂಪರ್ಕ ಕ ರೂಟರಿನಲ್ಲಿದೆ, ಅದು ಉಳಿದ ಮೂವರಿಗೂ ಡಿಫಾಲ್ಟ್ ಮಾರ್ಗ, ಅಂದರೆ ಬೇರೆ ಮಾರ್ಗ ಸಿಗದ ವಿಳಾಸಗಳಿಗೆಲ್ಲ ಸಲ್ಲುವ ಮಾರ್ಗ, ಪ್ರಕಟಿಸುತ್ತದೆ. ಈಗ ಖ ರೂಟರಿನಲ್ಲಿ ‘ಡಿಸ್ಟ್ರಿಬ್ಯೂಟ್-ಲಿಸ್ಟ್ ಇನ್’ ಆದೇಶದಿಂದ 10.20.5.0/24 ಮಾರ್ಗವನ್ನು ತಡೆದರೆಂದು ಇಟ್ಟುಕೊಳ್ಳೋಣ. ಉದ್ದೇಶ ಕ ರೂಟರಿಗೆ ಈ ಸಬ್‌ನೆಟ್ ಕಾಣಬಾರದು ಎಂಬುದು. ಘ ಹುಟ್ಟಿಸಿದ ಎಲ್‌ಎಸ್‌ಎ ಖ ರೂಟರಿನ ಡೇಟಾಬೇಸಿಗೆ ಎಂದಿನಂತೆ ಬರುತ್ತದೆ, ಎಂದಿನಂತೆ ಕ ರೂಟರಿಗೂ ದಾಟುತ್ತದೆ; ಖ ತನ್ನ ಲೆಕ್ಕದ ಕೊನೆಯಲ್ಲಿ ಆ ಒಂದು ಸಾಲನ್ನು ತನ್ನ ಮಾರ್ಗ ಪಟ್ಟಿಗೆ ಬರೆದುಕೊಳ್ಳುವುದಿಲ್ಲ, ಅಷ್ಟೆ. ಕ ರೂಟರಿನ ಪಟ್ಟಿಯಲ್ಲಿ ಸಬ್‌ನೆಟ್ ಠೀವಿಯಿಂದ ಕುಳಿತಿರುತ್ತದೆ, ಮುಂದಿನ ಹೆಜ್ಜೆ ಖ. ಅಲ್ಲಿಗೆ ಹೊರಟ ಪ್ಯಾಕೆಟ್ ಖ ತಲುಪಿದಾಗ ಖ ತನ್ನ ಪಟ್ಟಿ ನೋಡುತ್ತದೆ. ಆ ವಿಳಾಸಕ್ಕೆ ಸರಿಹೊಂದುವುದು ಡಿಫಾಲ್ಟ್ ಒಂದೇ. ಅದು ತೋರಿಸುವುದು ಕ ಕಡೆಗೆ. ಪ್ಯಾಕೆಟ್ ಬಂದ ದಾರಿಯಲ್ಲೇ ವಾಪಸು. ಕ ಮತ್ತೆ ಖ ಕಡೆಗೆ ನೂಕುತ್ತದೆ. ಲಿನಕ್ಸ್ ಯಂತ್ರದಿಂದ ಹೊರಟ ಪ್ಯಾಕೆಟ್ಟಿನ ಆಯುಷ್ಯ ಸಾಮಾನ್ಯವಾಗಿ 64 ಹೆಜ್ಜೆ, ವಿಂಡೋಸ್‌ನದಕ್ಕೆ 128. ಅದು ಮುಗಿಯುವ ತನಕ ಎರಡು ರೂಟರುಗಳ ನಡುವೆ ಚೆಂಡಾಟ. ಟ್ರೇಸ್‌ರೂಟ್ ಮಾಡಿದರೆ ಎರಡೇ ವಿಳಾಸಗಳು ಒಂದಾದ ಮೇಲೊಂದರಂತೆ ಪರದೆ ತುಂಬ ಬರುತ್ತವೆ. ಡಿಫಾಲ್ಟ್ ಮಾರ್ಗ ಇಲ್ಲದಿದ್ದರೆ ಪ್ಯಾಕೆಟ್ ಖ ಬಳಿಯೇ ಬಿದ್ದುಹೋಗುತ್ತದೆ. ಎರಡು ಸಂದರ್ಭದಲ್ಲೂ ಕ ರೂಟರಿನ ಮುಂದೆ ಕುಳಿತವರಿಗೆ ಮಾರ್ಗ ಸರಿಯಾಗಿಯೇ ಕಾಣುತ್ತದೆ. ಚೆಕ್‌ಸಮ್ ಮೊತ್ತವೂ ನಾಲ್ಕೂ ಕಡೆ ಒಂದೇ. ತಪ್ಪು ಹುಡುಕುವವರಿಗೆ ಇದಕ್ಕಿಂತ ಕೆಟ್ಟ ಪರಿಸ್ಥಿತಿ ಕಡಿಮೆ.

ಹಾಗಾದರೆ ಅಂಥ ಆದೇಶ ಇರುವುದಾದರೂ ಏಕೆ ಎಂದು ಕೇಳುವುದು ನ್ಯಾಯ. ಅದು ನಿರುಪಯೋಗಿಯಲ್ಲ. ಸಾಲಿನ ತುದಿಯಲ್ಲಿರುವ, ಬೇರೆಯವರ ಪ್ಯಾಕೆಟ್‌ಗಳನ್ನು ದಾಟಿಸದ ರೂಟರಿನಲ್ಲಿ ಹಾಕಿದರೆ ಅದರ ಪರಿಣಾಮ ಅಲ್ಲಿಗೇ ನಿಲ್ಲುತ್ತದೆ. ಒಂದು ಮಾರ್ಗವನ್ನು ಬೇರೊಂದು ಪ್ರೋಟೊಕಾಲ್‌ನಿಂದಲೇ ಕಲಿಯಬೇಕೆಂಬ ಇಕ್ಕಟ್ಟಿನಲ್ಲಿ ಕೆಲವೊಮ್ಮೆ ಬೇಕೂ ಆಗುತ್ತದೆ. ಆದರೆ ತಯಾರಕರು ಈ ಆದೇಶದ ಸುತ್ತ ಎಳೆದಿರುವ ಗೆರೆಗಳನ್ನು ನೋಡಿದರೆ ಅವರಿಗೂ ಅಪಾಯ ಗೊತ್ತಿತ್ತೆಂಬುದು ತಿಳಿಯುತ್ತದೆ. ಸಿಸ್ಕೊ ರೂಟರಿನಲ್ಲಿ ‘ಡಿಸ್ಟ್ರಿಬ್ಯೂಟ್-ಲಿಸ್ಟ್ ಔಟ್’ ಎಂಬುದು ಒಎಸ್‌ಪಿಎಫ್ ಅಡಿಯಲ್ಲಿ ಬೇರೆ ಪ್ರೋಟೊಕಾಲ್‌ಗಳಿಂದ ತರುತ್ತಿರುವ ಮಾರ್ಗಗಳ ಮೇಲೆ ಮಾತ್ರ ಕೆಲಸ ಮಾಡುತ್ತದೆ. ಏರಿಯಾದೊಳಗಿನ ಪ್ರಕಟಣೆಗಳನ್ನು ಅದು ಮುಟ್ಟುವುದಿಲ್ಲ. ಜುನಿಪರ್‌ನ ಜುನೋಸ್ ಇನ್ನೂ ಬಿಗಿ: ಒಎಸ್‌ಪಿಎಫ್‌ಗೆ ಹಾಕುವ ಇಂಪೋರ್ಟ್ ಪಾಲಿಸಿ ಹೊರಗಿನಿಂದ ಬಂದ ಮಾರ್ಗಗಳಿಗಷ್ಟೇ ಅನ್ವಯವಾಗುತ್ತದೆ. ಎರಡು ಪ್ರತಿಸ್ಪರ್ಧಿ ಕಂಪನಿಗಳು ಬೇರೆಬೇರೆ ದಾರಿಯಲ್ಲಿ ಬಂದು ಒಂದೇ ಬೇಲಿಯ ಬಳಿ ನಿಂತಿವೆ. ಎಲ್‌ಎಸ್‌ಎಗಳ ಹರಿವನ್ನೇ ಒಂದು ಇಂಟರ್‌ಫೇಸಿನಲ್ಲಿ ಕಟ್ಟಿಹಾಕುವ ‘ಡೇಟಾಬೇಸ್-ಫಿಲ್ಟರ್’ ಎಂಬ ಇನ್ನೊಂದು ಆದೇಶ ಸಿಸ್ಕೊದಲ್ಲಿದೆ. ಅದು ಬಿಡಿ ಮಾರ್ಗವನ್ನು ಆರಿಸುವುದಿಲ್ಲ, ಆ ಕಡೆ ಹೊರಡುವ ಎಲ್ಲವನ್ನೂ ನಿಲ್ಲಿಸುತ್ತದೆ. ಆಚೆಯ ರೂಟರಿಗೆ ಕೈಯಾರೆ ಬರೆದ ಡಿಫಾಲ್ಟ್ ಇದ್ದು, ಬೇರೆ ಯಾವ ದಾರಿಯೂ ಇಲ್ಲದಿದ್ದರೆ ಅಡ್ಡಿಯಿಲ್ಲ. ಬೇರೆ ದಾರಿ ಒಂದಿದ್ದರೂ ಪ್ರವಾಹ ಅಲ್ಲಿಂದ ಸುತ್ತಿಕೊಂಡು ಬಂದು ತಲುಪಿಬಿಡುತ್ತದೆ.

ಏರಿಯಾದ ಒಳಗೇ ಫಿಲ್ಟರ್ ಕೆಲಸ ಮಾಡಿದ ಒಂದು ಪ್ರಸಂಗ ಇತಿಹಾಸದಲ್ಲಿದೆ, ಮತ್ತು ಅದು ಈ ವಾದವನ್ನು ಮುರಿಯುವ ಬದಲು ಗಟ್ಟಿ ಮಾಡುತ್ತದೆ. 1980ರ ಅಕ್ಟೋಬರ್ 27ರಂದು ಆರ್ಪಾನೆಟ್ ಹಲವು ಗಂಟೆಗಳ ಕಾಲ ನಿಂತುಹೋಯಿತು. ಎರಿಕ್ ರೋಸೆನ್ ಮರುವರ್ಷ ಆರ್‌ಎಫ್‌ಸಿ 789ರಲ್ಲಿ ಅದರ ಮರಣೋತ್ತರ ಪರೀಕ್ಷೆ ಬರೆದರು. ಆಗ ರೂಟರುಗಳಿಗೆ ಐಎಂಪಿ ಎಂಬ ಹೆಸರಿತ್ತು; 50ನೆಯ ಐಎಂಪಿಯ ಒಂದೇ ಸ್ಥಿತಿ ಪ್ರಕಟಣೆ ಬಿಟ್‌ಗಳು ಉದುರಿ 8, 40, 44 ಎಂಬ ಮೂರು ಕ್ರಮಸಂಖ್ಯೆಗಳೊಡನೆ ಜಾಲದಲ್ಲಿ ತಿರುಗತೊಡಗಿತ್ತು. ಸಂಖ್ಯೆಗಳು ವೃತ್ತಾಕಾರವಾಗಿ ಸುತ್ತುವ ಆರು ಬಿಟ್‌ನವಾದ್ದರಿಂದ 8ಕ್ಕಿಂತ 40 ಹೊಸದು, 40ಕ್ಕಿಂತ 44 ಹೊಸದು, 44ಕ್ಕಿಂತ 8 ಹೊಸದು ಎಂಬಂತಾಯಿತು. ಪ್ರತಿ ಯಂತ್ರವೂ ‘ಹೊಸದು ಬಂತು’ ಎಂದು ಮುಂದಕ್ಕೆ ದಾಟಿಸುತ್ತಲೇ ಹೋಯಿತು. ಕೊನೆಗೆ ಬಿಬಿಎನ್‌ನವರು ಮಾಡಿದ್ದು ಫಿಲ್ಟರ್ ಹಾಕುವುದನ್ನೇ: 50ನೆಯ ಐಎಂಪಿಯಿಂದ ಬಂದ ಪ್ರಕಟಣೆಗಳನ್ನು ಲೆಕ್ಕಿಸಬೇಡ ಎಂಬ ತೇಪೆ. ಆದರೆ ಅದನ್ನು ಪ್ರತಿಯೊಂದು ಐಎಂಪಿಗೂ ಹಚ್ಚಿದರು. ಎಲ್ಲರ ನಕ್ಷೆಯಿಂದಲೂ ಅದೇ ಒಂದು ತುಂಡು ಒಟ್ಟಿಗೆ ಅಳಿಸಿಹೋದದ್ದರಿಂದ ನಕ್ಷೆಗಳು ಮತ್ತೆ ಒಂದೇ ಆಗಿಯೇ ಉಳಿದವು. ಒಬ್ಬಿಬ್ಬರಿಗೆ ಹಚ್ಚಿ ಬಿಟ್ಟಿದ್ದರೆ ಉಳಿದವರು ಅವೇ ಮೂರು ಪ್ರತಿಗಳನ್ನು ತಿರುಗಿಸುತ್ತಲೇ ಇರುತ್ತಿದ್ದರು. ಮುಂದೆ ರೇಡಿಯಾ ಪರ್ಲ್‌ಮನ್ 1983ರಲ್ಲಿ ಈ ಬಗೆಯ ಹರಡುವಿಕೆಯನ್ನು ತಾನಾಗಿ ಚೇತರಿಸಿಕೊಳ್ಳುವಂತೆ ಮಾಡುವ ವಿಧಾನ ತೋರಿಸಿದರು; ಒಎಸ್‌ಪಿಎಫ್‌ನ 32 ಬಿಟ್ ಕ್ರಮಸಂಖ್ಯೆ ಸುತ್ತುವುದಿಲ್ಲ, ಸರಳರೇಖೆಯಲ್ಲಿ ಏರುತ್ತದೆ.

ಈಗ ಗಡಿಗೆ ಬರೋಣ. ದೊಡ್ಡ ಜಾಲವನ್ನು ಒಎಸ್‌ಪಿಎಫ್ ಏರಿಯಾಗಳಾಗಿ ಒಡೆಯುತ್ತದೆ. ಎಲ್ಲ ಏರಿಯಾಗಳೂ 0 ಸಂಖ್ಯೆಯ ಬೆನ್ನೆಲುಬು ಏರಿಯಾಕ್ಕೆ ಅಂಟಿಕೊಂಡಿರಬೇಕು. ಎರಡರ ನಡುವೆ ಕಾಲಿಟ್ಟು ನಿಂತ ಏರಿಯಾ ಬಾರ್ಡರ್ ರೂಟರ್ ಒಂದು ಏರಿಯಾದ ಲಿಂಕ್‌ಗಳ ವಿವರವನ್ನು ಇನ್ನೊಂದಕ್ಕೆ ದಾಟಿಸುವುದೇ ಇಲ್ಲ. ‘ಈ ಸಬ್‌ನೆಟ್ ಇದೆ, ನನ್ನಿಂದ ಇಷ್ಟು ದೂರ’ ಎಂದು ತನ್ನದೇ ಹೆಸರಿನಲ್ಲಿ ಹೊಸದೊಂದು ಸಾರಾಂಶ ಎಲ್‌ಎಸ್‌ಎ ಹುಟ್ಟಿಸುತ್ತದೆ, ಅದು ಮೂರನೆಯ ಮಾದರಿಯದು. ಗಮನಿಸಿದರೆ ಇದು ಡಿಸ್ಟೆನ್ಸ್-ವೆಕ್ಟರ್ ಮಾತೇ. ಎಲ್ಲ ಏರಿಯಾಗಳೂ ಬೆನ್ನೆಲುಬಿನ ಮೂಲಕವೇ ಹೋಗಬೇಕೆಂಬ ಕಟ್ಟುಪಾಡು ಇರುವುದೂ ಈ ಮಾತಿನಲ್ಲಿ ಸುತ್ತುಬಳಸಿನ ಲೂಪ್ ಹುಟ್ಟದಿರಲೆಂದು. ಇಲ್ಲಿ ನಕ್ಷೆ ಮುಗಿಯುತ್ತದೆ, ಹೇಳಿಕೆ ಶುರುವಾಗುತ್ತದೆ; ಹೇಳಿಕೆಯ ಒಡೆಯ ಬಾರ್ಡರ್ ರೂಟರೇ ಆದ್ದರಿಂದ ಅದನ್ನು ಹೇಳದಿರುವ ಹಕ್ಕೂ ಅದಕ್ಕಿದೆ. ಆರ್‌ಎಫ್‌ಸಿ 2328 ಸ್ವತಃ ವಿಳಾಸ ಶ್ರೇಣಿಗಳಿಗೆ ಪ್ರಕಟಿಸು, ಪ್ರಕಟಿಸಬೇಡ ಎಂಬ ಎರಡು ಸ್ಥಿತಿಗಳನ್ನು ಇಟ್ಟಿರುವುದು ಇಲ್ಲಿ ಮಾತ್ರ. ಸಿಸ್ಕೊದ ‘ಏರಿಯಾ ಫಿಲ್ಟರ್-ಲಿಸ್ಟ್’ ಆದೇಶವೂ ಜುನೋಸ್‌ನ ಏರಿಯಾ ಮಟ್ಟದ ಸಾರಾಂಶ ಪಾಲಿಸಿಗಳೂ ಇದರ ಮುಂದುವರಿಕೆ. ಒಂದು ಎಚ್ಚರ ಬೇಕು. ಏರಿಯಾಕ್ಕೆ ಇಬ್ಬರು ಬಾರ್ಡರ್ ರೂಟರ್‌ಗಳಿರುವುದು ವಾಡಿಕೆ; ಒಬ್ಬರಲ್ಲಿ ಮಾತ್ರ ಫಿಲ್ಟರ್ ಹಾಕಿದರೆ ಮಾರ್ಗ ಇನ್ನೊಬ್ಬರ ಮೂಲಕ ಒಳಗೆ ಬಂದೇ ಬರುತ್ತದೆ. ಆಗ ಅದು ಅಡಗಿಸಿದಂತಾಗುವುದಿಲ್ಲ, ಟ್ರಾಫಿಕ್ಕನ್ನು ಒಂದು ಬದಿಗೆ ತಿರುಗಿಸಿದಂತಾಗುತ್ತದೆ.

ಗಡಿಯಲ್ಲಿ ಹಾಕಿದ ಫಿಲ್ಟರ್ ಕೂಡ ಯಾವಾಗಲೂ ಅಂದುಕೊಂಡದ್ದನ್ನೇ ತಡೆಯುವುದಿಲ್ಲ ಎಂಬುದಕ್ಕೆ ಎನ್‌ಎಸ್‌ಎಸ್‌ಎ ಮಾದರಿಯ ಏರಿಯಾ ಒಳ್ಳೆಯ ಪಾಠ. ಹೊರಗಿನ ಮಾರ್ಗಗಳ ಹೊರೆ ಬೇಡ, ಆದರೆ ತನ್ನಲ್ಲೇ ಹೊರಗಿನ ಸಂಪರ್ಕವೊಂದಿದೆ ಎನ್ನುವ ಏರಿಯಾಗಳಿಗಾಗಿ 1994ರಲ್ಲಿ ಆರ್‌ಎಫ್‌ಸಿ 1587 ಈ ಬಗೆಯನ್ನು ತಂದಿತು, 2003ರಲ್ಲಿ ಆರ್‌ಎಫ್‌ಸಿ 3101 ಪರಿಷ್ಕರಿಸಿತು. ಅಲ್ಲಿ ಹೊರಗಿನ ಮಾರ್ಗ ಏಳನೆಯ ಮಾದರಿಯ ಎಲ್‌ಎಸ್‌ಎ ಆಗಿ ಹುಟ್ಟುತ್ತದೆ. ಬಾರ್ಡರ್ ರೂಟರ್ ಅದನ್ನು ಐದನೆಯ ಮಾದರಿಗೆ ಮಾರ್ಪಡಿಸಿ ಬೆನ್ನೆಲುಬಿಗೆ ಬಿಡುತ್ತದೆ. ಮಾರ್ಪಡಿಸುವಾಗ ಮೂಲ ರೂಟರಿನ ಒಂದು ವಿಳಾಸವನ್ನು ‘ಪ್ಯಾಕೆಟ್ ಇಲ್ಲಿಗೆ ಕಳಿಸಿ’ ಎಂಬ ಫಾರ್ವರ್ಡಿಂಗ್ ವಿಳಾಸವಾಗಿ ಹಾಗೆಯೇ ಉಳಿಸಿಕೊಳ್ಳುತ್ತದೆ. ಆ ವಿಳಾಸ 10.7.0.1 ಆಗಿದ್ದು, ಹೊರಗಿನ ಮಾರ್ಗ 172.16.0.0/16 ಎನ್ನೋಣ. ಏರಿಯಾದ ಒಳವಿಳಾಸಗಳು ಬೇರೆಯವರಿಗೇಕೆ ಎಂದು ಯಾರೋ 10.7.0.0/16ರ ಸಾರಾಂಶವನ್ನು ಗಡಿಯಲ್ಲಿ ಫಿಲ್ಟರ್ ಮಾಡುತ್ತಾರೆ. 172.16.0.0/16 ಅನ್ನು ಯಾರೂ ಮುಟ್ಟಿಲ್ಲ. ಆದರೂ ಉಳಿದ ಏರಿಯಾಗಳಲ್ಲಿ ಅದು ಮಾರ್ಗ ಪಟ್ಟಿಯಿಂದ ಮಾಯವಾಗುತ್ತದೆ, ಡೇಟಾಬೇಸಿನಲ್ಲಿ ಮಾತ್ರ ಐದನೆಯ ಮಾದರಿಯ ಎಲ್‌ಎಸ್‌ಎ ಯಾವ ಕಲೆಯೂ ಇಲ್ಲದೆ ಕಾಣುತ್ತಿರುತ್ತದೆ. ಕಾರಣ ಆರ್‌ಎಫ್‌ಸಿ 2328ರ 16.4ನೆಯ ವಿಭಾಗದಲ್ಲಿದೆ: ಫಾರ್ವರ್ಡಿಂಗ್ ವಿಳಾಸ ಸೊನ್ನೆಯಲ್ಲದಿದ್ದರೆ ಅದಕ್ಕೆ ಒಎಸ್‌ಪಿಎಫ್ ಒಳಗಿನ ಮಾರ್ಗವೇ ಇರಬೇಕು, ಇಲ್ಲದಿದ್ದರೆ ಆ ಎಲ್‌ಎಸ್‌ಎಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ. ಪ್ರಕಟಣೆಗಳು ಒಂದರ ಮೇಲೊಂದು ಆತುಕೊಂಡಿರುತ್ತವೆ. ಒಂದನ್ನು ಎಳೆದರೆ ಇನ್ನೊಂದು ಬೀಳುತ್ತದೆ. ಇದಕ್ಕಾಗಿಯೇ ಮಾರ್ಪಾಡಿನ ವೇಳೆ ಫಾರ್ವರ್ಡಿಂಗ್ ವಿಳಾಸವನ್ನು ಅಳಿಸಿಹಾಕುವ ಆಯ್ಕೆಯನ್ನು ಸಿಸ್ಕೊ ಕೊಟ್ಟಿದೆ.

ಎರಡನೆಯ ಗಡಿ ಇಡೀ ಒಎಸ್‌ಪಿಎಫ್ ಜಾಲ ಮತ್ತು ಹೊರಗಿನ ಲೋಕದ ನಡುವಿನದು. ಬಿಜಿಪಿಯಿಂದಲೋ ಇನ್ನೊಂದು ಪ್ರೋಟೊಕಾಲ್‌ನಿಂದಲೋ ಮಾರ್ಗಗಳನ್ನು ಒಳಗೆ ತರುವ ರೂಟರ್ ಐದನೆಯ ಮಾದರಿಯ ಎಲ್‌ಎಸ್‌ಎ ಹುಟ್ಟಿಸುತ್ತದೆ. ಅದು ಏರಿಯಾಗಳ ಗಡಿಯನ್ನೂ ಲೆಕ್ಕಿಸದೆ ಎಲ್ಲೆಡೆ ಹರಿಯುತ್ತದೆ, ಸ್ಟಬ್ ಬಗೆಯ ಏರಿಯಾಗಳನ್ನು ಬಿಟ್ಟು. ಒಮ್ಮೆ ಒಳಗೆ ಬಂದದ್ದನ್ನು ನಡುದಾರಿಯಲ್ಲಿ ಹೆಕ್ಕಿ ತೆಗೆಯುವ ಉಪಾಯವಿಲ್ಲ. ಆದ್ದರಿಂದ ಫಿಲ್ಟರ್‌ನ ನಿಜವಾದ ಭಾರ ಬೀಳುವುದು ಈ ಬಾಗಿಲ ಮೇಲೆ. ಇಬ್ಬರು ರೂಟರುಗಳು ಎರಡು ಪ್ರೋಟೊಕಾಲ್‌ಗಳ ನಡುವೆ ಎರಡೂ ದಿಕ್ಕಿನಲ್ಲಿ ಮಾರ್ಗ ದಾಟಿಸುತ್ತಿದ್ದರೆ, ಒಬ್ಬರು ಒಳಗೆ ತಂದದ್ದನ್ನು ಇನ್ನೊಬ್ಬರು ಹೊರಕ್ಕೆ ಕಳಿಸಿ ಮಾರ್ಗ ಸುತ್ತು ಹೊಡೆಯುವ ಅಪಾಯವಿದೆ. ಇದನ್ನು ತಡೆಯಲು ಐದನೆಯ ಮಾದರಿಯ ಎಲ್‌ಎಸ್‌ಎಯಲ್ಲೇ 32 ಬಿಟ್‌ನ ಟ್ಯಾಗ್ ಇದೆ. ಒಳಬರುವಾಗ ಗುರುತು ಹಾಕಿ, ಆ ಗುರುತಿರುವುದನ್ನು ಹೊರಬಿಡದಿದ್ದರಾಯಿತು. ಎಂಪಿಎಲ್‌ಎಸ್ ವಿಪಿಎನ್‌ಗಳಿಗಾಗಿ 2006ರ ಆರ್‌ಎಫ್‌ಸಿ 4576 ‘ಡಿಎನ್’ ಎಂಬ ಬಿಟ್ಟನ್ನು ಗೊತ್ತುಮಾಡಿತು. ಸೇವಾ ಸಂಸ್ಥೆಯ ಅಂಚಿನ ರೂಟರ್ ಆ ಬಿಟ್ ಇರುವ ಎಲ್‌ಎಸ್‌ಎಯನ್ನು ಮಾರ್ಗದ ಲೆಕ್ಕದಲ್ಲಿ ಕೈಬಿಡುತ್ತದೆ, ಆದರೆ ಡೇಟಾಬೇಸಿನಲ್ಲಿ ಇಟ್ಟುಕೊಂಡು ಮುಂದಕ್ಕೂ ಹರಿಸುತ್ತದೆ. ಪ್ರೋಟೊಕಾಲ್ ರೂಪಿಸುವವರೇ ಫಿಲ್ಟರ್ ಬೇಕಾದಾಗಲೂ ಎಲ್ಲರ ನಕ್ಷೆ ಒಂದೇ ಎಂಬ ಷರತ್ತನ್ನು ಮುಟ್ಟದೆ ಬಿಟ್ಟರು.

ಬಾಗಿಲ ಫಿಲ್ಟರ್ ಎಷ್ಟು ಮುಖ್ಯವೆಂಬುದು ಕೆನಡಾದ ರೋಜರ್ಸ್ ಸಂಸ್ಥೆಯ ಜಾಲ 2022ರ ಜುಲೈ 8ರಂದು ಕುಸಿದಾಗ ಲೋಕಕ್ಕೆ ಕಂಡಿತು. ಕೋರ್ ಜಾಲವನ್ನು ನವೀಕರಿಸುವ ಏಳು ಹಂತಗಳ ಕೆಲಸದಲ್ಲಿ ಆರನೆಯದು ನಡೆದಿತ್ತು. ವಿತರಣಾ ರೂಟರ್‌ಗಳ ಸಂರಚನೆಯಿಂದ ಒಂದು ಮಾರ್ಗ ಫಿಲ್ಟರ್ ಅಳಿಸಿಹೋಯಿತು. ಅದರ ಹಿಂದೆ ತಡೆದು ನಿಂತಿದ್ದ ಮಾರ್ಗಗಳೆಲ್ಲ ಕೋರ್ ರೂಟರ್‌ಗಳತ್ತ ನುಗ್ಗಿ ಅವುಗಳ ಮೆಮೊರಿ, ಪ್ರೊಸೆಸರ್ ಎರಡನ್ನೂ ಮುಳುಗಿಸಿದವು. ಆ ಹೊತ್ತಿಗೆ ಇಂಟರ್ನೆಟ್‌ನ ಪೂರ್ಣ ಪಟ್ಟಿಯಲ್ಲಿ 9 ಲಕ್ಷಕ್ಕೂ ಹೆಚ್ಚು ಐಪಿವಿ4 ಮಾರ್ಗಗಳಿದ್ದವು. 1 ಕೋಟಿ 20 ಲಕ್ಷಕ್ಕೂ ಮೀರಿದ ಗ್ರಾಹಕರು ಒಂದು ದಿನಕ್ಕೂ ಹೆಚ್ಚು ಕಾಲ ಸೇವೆ ಕಳೆದುಕೊಂಡರು. ಡೆಬಿಟ್ ಕಾರ್ಡ್ ಪಾವತಿ, 911 ತುರ್ತು ಕರೆಗಳಿಗೂ ಪೆಟ್ಟು ಬಿತ್ತು. ಕೆನಡಾದ ನಿಯಂತ್ರಣ ಮಂಡಳಿ ಮಾಡಿಸಿದ ತನಿಖೆ ಎತ್ತಿ ತೋರಿಸಿದ ಕೊರತೆಗಳಲ್ಲಿ ಕೋರ್ ರೂಟರ್‌ಗಳಿಗೆ ಅತಿಹೊರೆಯ ವಿರುದ್ಧ ರಕ್ಷಣೆ ಇಲ್ಲದಿದ್ದದ್ದೂ ಒಂದು. ಇಂಥ ರಕ್ಷಣೆಯ ಯೋಚನೆ ಒಎಸ್‌ಪಿಎಫ್‌ಗೆ ಹೊಸದಲ್ಲ. 1995ರ ಆರ್‌ಎಫ್‌ಸಿ 1765ರಲ್ಲಿ ಮೊಯ್ ಹೊರಗಿನ ಎಲ್‌ಎಸ್‌ಎಗಳ ಸಂಖ್ಯೆಗೆ ಮಿತಿ ಹಾಕುವ ಬಗೆ ಹೇಳಿದ್ದರು. ಮಿತಿ ಮುಟ್ಟಿದಾಗ ರೂಟರ್ ಹಿಂದೆಗೆಯುವುದು ತಾನೇ ಹುಟ್ಟಿಸಿದ ಪ್ರಕಟಣೆಗಳನ್ನು. ಆ ಮಿತಿಯೂ ಎಲ್ಲ ರೂಟರುಗಳಲ್ಲಿ ಒಂದೇ ಆಗಿರಬೇಕೆಂಬುದು ಅಲ್ಲಿನ ಷರತ್ತು. ಮುಳುಗುವ ಹೊತ್ತಿನಲ್ಲೂ ಅದೇ ಸಮಾನತೆಯ ನಿಯಮ.

ಸಣ್ಣ ರೂಟರುಗಳಿಗೆ ಇಡೀ ನಕ್ಷೆ ಹೊರಲಾಗದು, ಅವುಗಳ ಮೇಲಿನ ಭಾರ ಇಳಿಸಲಾದರೂ ಒಳಗೆ ಫಿಲ್ಟರ್ ಬೇಡವೇ ಎಂಬುದು ಮತ್ತೊಂದು ಆಕ್ಷೇಪ. ಭಾರ ನಿಜ, ಮದ್ದು ಬೇರೆ ಕಡೆ ಇದೆ. ಸ್ಟಬ್ ಏರಿಯಾ ಮಾಡಿದರೆ ಹೊರಗಿನ ಮಾರ್ಗಗಳ ಬದಲು ಒಂದು ಡಿಫಾಲ್ಟ್ ಸಾಕು. ಆದರೆ ಸ್ಟಬ್ ಎಂಬುದನ್ನು ಆ ಏರಿಯಾದ ಪ್ರತಿ ರೂಟರೂ ಒಪ್ಪಿ ಹಲೋ ಸಂದೇಶದಲ್ಲಿ ಸಾರಬೇಕು, ಒಪ್ಪದವರೊಡನೆ ನೆರೆಸಂಬಂಧವೇ ಏರ್ಪಡುವುದಿಲ್ಲ. 2013ರ ಆರ್‌ಎಫ್‌ಸಿ 6860 ಇನ್ನೊಂದು ದಾರಿ ತೆರೆಯಿತು. ರೂಟರ್-ರೂಟರ್ ನಡುವಿನ ಲಿಂಕ್‌ಗಳ ವಿಳಾಸಕ್ಕೆ ಸಾಮಾನ್ಯವಾಗಿ ಯಾರೂ ಪ್ಯಾಕೆಟ್ ಕಳಿಸುವುದಿಲ್ಲ. ಲಿಂಕ್ ನಕ್ಷೆಯಲ್ಲಿರಲಿ, ಅದರ ವಿಳಾಸವನ್ನು ಮಾತ್ರ ಒಡೆಯನೇ ಹೇಳದಿರಲಿ ಎಂದು ಅದು ಬಗೆಹರಿಸಿತು. ತಡೆ ಇರುವುದು ಹುಟ್ಟುವ ಜಾಗದಲ್ಲಿ, ಆದ್ದರಿಂದ ಆ ವಿಳಾಸ ಎಲ್ಲರಿಗೂ ಒಂದೇ ಬಗೆಯಾಗಿ ಮರೆಯಾಗಿರುತ್ತದೆ.

ಭದ್ರತೆಗಾಗಿ ಫಿಲ್ಟರ್ ಎಂಬ ವಾದಕ್ಕೆ ಇಲ್ಲಿ ಬಲ ಇನ್ನೂ ಕಡಿಮೆ. ಮಾರ್ಗ ಕಾಣದಂತೆ ಮಾಡಿದರೆ ಪ್ಯಾಕೆಟ್ ಹೋಗುವುದಿಲ್ಲ ಎಂಬ ಭರವಸೆಯನ್ನು ಒಂದೇ ಒಂದು ಡಿಫಾಲ್ಟ್ ಮಾರ್ಗ ಸುಳ್ಳಾಗಿಸುತ್ತದೆ. ಹೋಗಬಾರದ ಪ್ಯಾಕೆಟ್ಟನ್ನು ತಡೆಯಬೇಕಾದ್ದು ಫೈರ್‌ವಾಲ್. ಸುಳ್ಳು ಪ್ರಕಟಣೆ ತೂರಿಸುವ ದಾಳಿಕೋರನ ಮುಂದೆಯೂ ಫಿಲ್ಟರ್ ನಿಲ್ಲದು. ತನ್ನ ಹೆಸರಿನಲ್ಲಿ ಬೇರೆಯವರು ಹುಟ್ಟಿಸಿದ ಎಲ್‌ಎಸ್‌ಎ ಕಂಡರೆ ಒಡೆಯ ಇನ್ನೂ ಹೊಸದನ್ನು ಕಳಿಸಿ ಅದನ್ನು ಅಳಿಸುವ ಏರ್ಪಾಡು ಒಎಸ್‌ಪಿಎಫ್‌ನಲ್ಲಿದೆ. ಗಾಬಿ ನಕಿಬ್ಲಿ ಮತ್ತು ಸಂಗಡಿಗರು ಇದನ್ನೂ ತಪ್ಪಿಸಿಕೊಳ್ಳುವ ದಾಳಿಗಳನ್ನು 2012ರಲ್ಲಿ ತೋರಿಸಿದರು. ಮರುವರ್ಷ ಬಯಲಾದ ಇನ್ನೊಂದು ದೋಷಕ್ಕೆ ಹಲವು ತಯಾರಕರು ತಿದ್ದುಪಡಿ ಹೊರಡಿಸಬೇಕಾಯಿತು. ಇದಕ್ಕೆ ಬೇಕಾದ್ದು ಬಂದ ಮಾತು ಯಾರದೆಂದು ಖಾತ್ರಿಪಡಿಸುವ ವಿಧಾನ. 1997ರ ಆರ್‌ಎಫ್‌ಸಿ 2154 ಪ್ರತಿ ಎಲ್‌ಎಸ್‌ಎಗೂ ಡಿಜಿಟಲ್ ಸಹಿ ಇರಲೆಂದು ಪ್ರಾಯೋಗಿಕವಾಗಿ ಸೂಚಿಸಿತ್ತು, ಅದು ಬಳಕೆಗೆ ಹಿಡಿಯಲಿಲ್ಲ. ಈಗ ನಡೆಯುವುದು 2009ರ ಆರ್‌ಎಫ್‌ಸಿ 5709 ಹೇಳಿದಂತೆ ನೆರೆಯವರ ನಡುವಿನ ಹ್ಯಾಶ್ ಪರಿಶೀಲನೆ.

ಐಎಸ್-ಐಎಸ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ತರ್ಕ ಅದೇ. ಒಂದು ರೂಟರಿನ ಮಾತೆಲ್ಲ ಅದರ ಹೆಸರಿನ ಎಲ್‌ಎಸ್‌ಪಿ ಎಂಬ ಕಟ್ಟಿನಲ್ಲಿ ಬರುತ್ತದೆ. ನಡುವಿನವರು ಅದರಿಂದ ಒಂದು ವಿಳಾಸ ಕಿತ್ತರೆ ಚೆಕ್‌ಸಮ್ಮೇ ಕೆಡುತ್ತದೆ. ಸೋಸಲು ಆಗುವುದು ಮೊದಲ ಮತ್ತು ಎರಡನೆಯ ಹಂತಗಳ ನಡುವಿನ ಗಡಿಯಲ್ಲಿ. ಮೇಲಿನ ಹಂತದ ಮಾರ್ಗಗಳನ್ನು ಆರಿಸಿ ಕೆಳಗಿಳಿಸುವ ಬಗೆಯನ್ನು 2000ದ ಆರ್‌ಎಫ್‌ಸಿ 2966 ವಿವರಿಸಿತು. ಇಳಿದದ್ದು ಮತ್ತೆ ಮೇಲೇರದಂತೆ ಒಂದು ಬಿಟ್ ಕಾವಲಿದೆ. ಅದೇ ವರ್ಷದ ಆರ್‌ಎಫ್‌ಸಿ 2973ರ ಮೆಶ್ ಗುಂಪುಗಳು ನೋಡಲು ಫಿಲ್ಟರ್‌ನಂತೆ ಕಂಡರೂ ಅವು ತಡೆಯುವುದು ಒಂದೇ ಸುದ್ದಿ ಹತ್ತು ದಾರಿಯಿಂದ ಬರುವುದನ್ನು, ಸುದ್ದಿಯನ್ನಲ್ಲ.

ಉಳಿಯುವುದು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ: ಎಲ್ಲೆಂದರಲ್ಲಿ ಸೋಸಲಾಗದ ಪ್ರೋಟೊಕಾಲ್ ದೊಡ್ಡ ಜಾಲಕ್ಕೆ ಒಗ್ಗುವುದಾದರೂ ಹೇಗೆ? 2016ರ ಆಗಸ್ಟ್‌ನಲ್ಲಿ ಬಂದ ಆರ್‌ಎಫ್‌ಸಿ 7938 ಬೃಹತ್ ಡೇಟಾ ಸೆಂಟರ್‌ಗಳ ಒಳಜಾಲಕ್ಕೂ ಬಿಜಿಪಿಯನ್ನೇ ಬಳಸುವ ವಿನ್ಯಾಸ ವಿವರಿಸುತ್ತದೆ. ಅದು ಕೊಡುವ ಕಾರಣಗಳಲ್ಲಿ ಲಿಂಕ್-ಸ್ಟೇಟ್‌ನಲ್ಲಿ ಪ್ರತಿ ಘಟನೆಯೂ ಇಡೀ ಏರಿಯಾಕ್ಕೆ ಹರಿಯುತ್ತದೆ ಎಂಬುದೂ ಸೇರಿದೆ. ಆಕ್ಷೇಪವನ್ನು ಒಪ್ಪಬೇಕು. ಸಾವಿರಾರು ಸ್ವಿಚ್‌ಗಳಿರುವ, ಹೆಜ್ಜೆಹೆಜ್ಜೆಗೂ ಪಾಲಿಸಿ ಬಯಸುವ ಜಾಲಕ್ಕೆ ಒಎಸ್‌ಪಿಎಫ್ ಸರಿಯಾದ ಆಯ್ಕೆಯಲ್ಲದಿರಬಹುದು. ಆದರೆ ಒಎಸ್‌ಪಿಎಫ್‌ಗೆ ಒಳಗಿಂದೊಳಗೆ ಫಿಲ್ಟರ್ ಜೋಡಿಸಿದರೆ ಅದು ಬಿಜಿಪಿಯಾಗುವುದಿಲ್ಲ. ಬಿಜಿಪಿ ಲೂಪ್ ತಡೆಯುವುದು ಪ್ರತಿ ಮಾರ್ಗದ ಜತೆ ಅದು ಹಾದುಬಂದ ಜಾಲಗಳ ಪಟ್ಟಿಯನ್ನು ಹೊತ್ತೊಯ್ಯುವುದರಿಂದ. ಆದ್ದರಿಂದಲೇ ಅಲ್ಲಿ ಪ್ರತಿ ನಿಲ್ದಾಣವೂ ತನಗೆ ಬೇಡದ್ದನ್ನು ಕೈಬಿಡಬಹುದು. ಒಎಸ್‌ಪಿಎಫ್ ಏರಿಯಾದೊಳಗೆ ಅಂಥ ಪಟ್ಟಿಯಿಲ್ಲ, ಲೂಪ್ ತಡೆಯುವ ಏಕೈಕ ಆಧಾರ ಎಲ್ಲರ ನಕ್ಷೆಯೂ ಒಂದೇ ಎಂಬುದು. ಸೇವಾ ಸಂಸ್ಥೆಗಳ ಜಾಲಗಳಲ್ಲಿ ದಶಕಗಳಿಂದ ನಡೆದುಬಂದಿರುವ ಹಂಚಿಕೆ ಇದನ್ನು ಅರಿತು ಮಾಡಿದ್ದು: ರೂಟರ್‌ಗಳ ಲೂಪ್‌ಬ್ಯಾಕ್ ವಿಳಾಸಗಳು ಮತ್ತು ನಡುವಿನ ಲಿಂಕ್‌ಗಳು ಒಎಸ್‌ಪಿಎಫ್ ಅಥವಾ ಐಎಸ್-ಐಎಸ್‌ನಲ್ಲಿ, ಗ್ರಾಹಕರ ಹಾಗೂ ಇಂಟರ್ನೆಟ್‌ನ ಮಾರ್ಗಗಳೆಲ್ಲ ಬಿಜಿಪಿಯಲ್ಲಿ. ಹಾಗೆ ಹಂಚಿದಾಗ ಲಿಂಕ್-ಸ್ಟೇಟ್ ಡೇಟಾಬೇಸಿನಲ್ಲಿ ಸೋಸಿ ತೆಗೆಯಬೇಕಾದ ಮಾರ್ಗಗಳು ಬಹುಪಾಲು ಉಳಿಯುವುದೇ ಇಲ್ಲ.